ಬದನೆಕಾಯಿ ಬಿಟ್ಟವರು

ಹೊಟ್ಟೆಕಿಚ್ಚು ಎಂದರೇನೆಂದು ನನಗೆ ಸರಿಯಾಗಿ ಗೊತ್ತಾದದ್ದು ಕಾಶಿಯಲ್ಲಿ. ಜನ ಅಲ್ಲಿಗೆ ಪಾಪ ಕಳೆದುಕೊಳ್ಳಲು ಬರುತ್ತಾರೆ, ನಾನು ಹೊಸದಾಗಿ ಒಂದಿಷ್ಟು ಗಂಟು ಕಟ್ಟಿಕೊಂಡೆ. ಸೀರೆ ಒಡವೆಯ ವಿಷಯಕ್ಕಲ್ಲ. ಗಂಡನ ವಿಷಯಕ್ಕಂತೂ ಅಲ್ಲವೇ ಅಲ್ಲ. ನನ್ನ ಯಜಮಾನರನ್ನು ಯಾರಾದರೂ ಎರಡು ದಿನ ಕರೆದುಕೊಂಡು ಹೋಗುತ್ತೇನೆ ಎಂದಿದ್ದರೆ ಬುತ್ತಿ ಕಟ್ಟಿ ಕಳಿಸುತ್ತಿದ್ದೆ. ನನ್ನ ಹೊಟ್ಟೆ ಉರಿದದ್ದು, ಸಂಬಳವಿಲ್ಲದೆ ದುಡಿಯಲು ಬರುತ್ತಿದ್ದ ಐದಾರು ಜನರಿಗಾಗಿ. ಅವರು ನನ್ನವರಾಗಿದ್ದರು. ಅವಳು ಬಂದಳು, ಅವರು ಅವಳವರಾದರು.

ತೊಂಬತ್ತರ ದಶಕದ ಆರಂಭ. ಬ್ಯಾಂಕಿನಲ್ಲಿದ್ದ ಯಜಮಾನರಿಗೆ ಹಾಸನದಿಂದ ಬನಾರಸಿಗೆ ವರ್ಗವಾಗಿ, ನಾವು ಭೇಲೂಪುರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆವು. ಬ್ಯಾಂಕು, ರೈಲ್ವೆ, ಸರ್ಕಾರಿ ಕಚೇರಿ ಎಂದು ವರ್ಗವಾಗಿ ಬಂದ ಕನ್ನಡದ ಮನೆಗಳು ಊರೆಲ್ಲ ಚದುರಿಕೊಂಡಿದ್ದವು. ಮಕ್ಕಳು ಮನೆಯೊಳಗೂ ಹಿಂದಿಯಲ್ಲೇ ಜಗಳವಾಡುತ್ತಿದ್ದವು. ನಮ್ಮ ಕಡೆಯ ಸ್ವಾಮಿಗಳಿದ್ದ ಒಂದು ಮಠವೂ ಇತ್ತು. ಕರ್ನಾಟಕದಿಂದ ಬಂದ ಯಾತ್ರಿಕರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ವಯಸ್ಸಾದವರೇ ಹೆಚ್ಚು. ಎರಡು ದಿನದ ರೈಲು, ಬದಲಾದ ನೀರು, ಚಳಿಯಲ್ಲಿ ಗಂಗೆಯ ಮುಳುಗು. ಪ್ರತಿ ತಂಡದಲ್ಲೂ ಒಬ್ಬರಾದರೂ ಆಸ್ಪತ್ರೆ ಸೇರುವುದು ಇದ್ದೇ ಇತ್ತು. ಡಾಕ್ಟರು "ಕ್ಯಾ ತಕ್ಲೀಫ್ ಹೈ" ಎಂದು ಕೇಳಿದರೆ ನಮ್ಮ ಅಜ್ಜಿಯರು "ಒಳಗೆಲ್ಲ ಝುಂ ಅಂತೈತೆ ಕಣಪ್ಪ" ಎನ್ನುತ್ತಿದ್ದರು. ಆ ಡಾಕ್ಟರಾದರೂ ಝುಂ ಎನ್ನುವುದಕ್ಕೆ ಯಾವ ಔಷಧಿ ಬರೆದಾನು.

ಹಾಗೆ ಒಬ್ಬ ಅಜ್ಜಿಯ ಪಕ್ಕ ಕೂತು ನಾನು ಅವರ ಮಾತನ್ನು ಡಾಕ್ಟರಿಗೂ ಡಾಕ್ಟರ ಮಾತನ್ನು ಅವರಿಗೂ ದಾಟಿಸಿದ್ದೇ ನಮ್ಮ ಸೇವೆಯ ಆರಂಭ. ಸ್ವಾಮಿಗಳಿಗೆ ವಿಷಯ ತಿಳಿದು, ಮಠದ ಹೆಬ್ಬಾಗಿಲ ಪಕ್ಕದ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಒಂದು ಬೆಂಚು, ಒಂದು ಸೀಮೆಎಣ್ಣೆ ಸ್ಟೌ, ನೀರಿನ ಕೊಡ. ಹಿಂದಿ ಬರುವ ಕನ್ನಡದವರು ಸರದಿಯ ಮೇಲೆ ಬಂದು ಕೂರುವುದು, ಸ್ಟೇಷನ್ನಿಗೆ ಹೋಗಿ ಯಾತ್ರಿಕರನ್ನು ಇಳಿಸಿಕೊಳ್ಳುವುದು, ಆಸ್ಪತ್ರೆ ಸೇರಿದವರ ಪಕ್ಕ ಮಾತಿಗೆ ಒಬ್ಬರಿರುವುದು. ಇದಿಷ್ಟೇ ಕೆಲಸ.

ಸೇವೆ ಎಂದ ಕೂಡಲೇ ಓಡಿ ಬರುವವರಿಗೆ ಯಾವ ಊರಿನಲ್ಲೂ ಬರವಿಲ್ಲ. ಬಂದವರು ನಿಲ್ಲಬೇಕಲ್ಲ. ಮೊದಲ ವಾರ ಕೋಣೆ ತುಂಬಿ ಜನ ಹೊರಗೆ ನಿಂತಿದ್ದರು. ಆಮೇಲೆ ಒಬ್ಬರಿಗೆ ಮಂಡಿ ನೋವು, ಒಬ್ಬರಿಗೆ ಮಗುವಿನ ಪರೀಕ್ಷೆ, ಇನ್ನೊಬ್ಬರಿಗೆ ಭಾನುವಾರ ಬೆಳಿಗ್ಗೆ ಟೀವಿಯಲ್ಲಿ ಧಾರಾವಾಹಿ. ಚಳಿ ಬಿದ್ದಮೇಲಂತೂ ರಜಾಯಿ ಬಿಟ್ಟು ಏಳುವವರೇ ಇಲ್ಲ. ನಾನು ಸುಮ್ಮನಿರುವವಳಲ್ಲ. ಮನೆಗೇ ಹೋಗಿ ಬೈದು ಎಬ್ಬಿಸಿಕೊಂಡು ಬರುತ್ತಿದ್ದೆ. ಬರೀ ಬೈದರೆ ಯಾರು ಬರುತ್ತಾರೆ? ಅದಕ್ಕೇ ಭಾನುವಾರದ ಊಟ ಶುರು ಮಾಡಿದೆ.

ಭಾನುವಾರ ಮಧ್ಯಾಹ್ನ ಎಲ್ಲರೂ ನಮ್ಮ ಮನೆಗೆ ಬರುವುದು, ಉಣ್ಣುವುದು, ಮುಂದಿನ ವಾರದ ಸರದಿ ಹಂಚಿಕೊಂಡು ಹೋಗುವುದು. ಅನ್ನ, ಸಾರು, ಒಂದು ಕೋಸಂಬರಿ, ಮತ್ತು ನನ್ನ ಎಣ್ಣೆಗಾಯಿ. ಎಣ್ಣೆಗಾಯಿಯ ವಿಷಯದಲ್ಲಿ ನಾನು ಸಂಕೋಚ ಪಡುವುದಿಲ್ಲ. ಅದನ್ನು ನನ್ನ ಹಾಗೆ ಮಾಡುವವರು ಆ ಊರಿನಲ್ಲಿರಲಿ, ಹಾಸನದಲ್ಲೇ ಇರಲಿಲ್ಲ. ಆದರೆ ಬನಾರಸಿನ ಬದನೆಕಾಯಿ ಅಂದರೆ ಮಗುವಿನ ತಲೆಯಷ್ಟು ದಪ್ಪ. ಅಲ್ಲಿನವರು ಅದನ್ನು ಕೆಂಡದಲ್ಲಿ ಸುಟ್ಟು ಕಿವುಚಿ ಚೋಖಾ ಮಾಡಿ ತಿನ್ನುತ್ತಾರೆ. ಎಣ್ಣೆಗಾಯಿಗೆ ಬೇಕಾದ ಪುಟ್ಟ ಎಳೆಗಾಯಿಗಾಗಿ ನಾನು ಬೆಳಗಾಗುತ್ತಲೇ ಸೋನಾರ್‌ಪುರದ ಸಂತೆಗೆ ಹೋಗಿ, "ಛೋಟಾವಾಲಾ, ಉಸ್‌ಸೇ ಭೀ ಛೋಟಾ" ಎಂದು ಬುಟ್ಟಿಯನ್ನೆಲ್ಲ ತಿರುವಿ ಹಾಕಿ, ಮಾರುವವನ ಬಾಯಲ್ಲಿ ಬೈಸಿಕೊಂಡು ಆರಿಸಿ ತರುತ್ತಿದ್ದೆ. ಬಡಿಸುವಾಗ ಆ ಕಷ್ಟವನ್ನೂ ಜೊತೆಗೆ ಬಡಿಸುತ್ತಿದ್ದೆ. ಕೇಳಿ ಕೇಳಿ ಅವರಿಗೆ ಬಾಯಿಪಾಠವಾಗಿತ್ತು.

ಅಷ್ಟೆಲ್ಲ ಮಾಡಿಯೂ ಅವಳು ಬರುವ ಮುಂಚಿನ ಶಿವರಾತ್ರಿಗೆ ನನ್ನ ಮರ್ಯಾದೆ ಹೋಗಿತ್ತು. ವರ್ಷದಲ್ಲೇ ಹೆಚ್ಚು ಜನ ಬರುವ ಹೊತ್ತು ಅದು. ಸ್ಟೇಷನ್ನಿನಲ್ಲಿ ನಮ್ಮ ಕಡೆಯ ಮುದುಕರು ಗಂಟು ತಬ್ಬಿಕೊಂಡು ದಿಕ್ಕು ತೋಚದೆ ಕೂತಿದ್ದರು, ನನ್ನ ಜೊತೆ ಇದ್ದವರು ಒಬ್ಬರೇ. ಉಳಿದವರೆಲ್ಲ ಉಪವಾಸ, ಜಾಗರಣೆ, ನೆಂಟರು. ಸ್ವಾಮಿಗಳು ನನ್ನನ್ನು ಕರೆದು ಮೆತ್ತಗೆ, "ತಾಯಿ, ಬರುವ ಶಿವರಾತ್ರಿಗೂ ಹೀಗೇ ಆದರೆ ಆ ಕೋಣೆಯನ್ನು ಯಾತ್ರಿಕರ ಸಾಮಾನಿಗೆ ಬಿಟ್ಟುಬಿಡೋಣ. ಮುಚ್ಚಿದ ಕೋಣೆ ಯಾರಿಗೆ ಬೇಕು" ಎಂದರು. "ಆಗಲಿ ಬುದ್ಧಿ" ಎಂದು ಬಂದೆ. ಮನೆಗೆ ಬಂದು ಅತ್ತೆ. ಈ ಊರಿನಲ್ಲಿ ನಾನು ಬ್ಯಾಂಕಿನವರ ಹೆಂಡತಿ ಅನ್ನುವುದನ್ನು ಬಿಟ್ಟು ಬೇರೆ ಏನಾದರೂ ಆಗಿದ್ದರೆ ಅದು ಆ ಕೋಣೆಯಿಂದ.

ಮುಂದಿನ ದಸರೆ ಕಳೆದ ಮೇಲೆ ಅವಳು ಬಂದಳು. ಹುಬ್ಬಳ್ಳಿಯವಳು. ಗಂಡ ರೈಲ್ವೆಯಲ್ಲಿ ಗುಮಾಸ್ತ. ಮೂವತ್ತು ದಾಟಿರಲಿಲ್ಲ, ಮಕ್ಕಳಿರಲಿಲ್ಲ, ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುವ ಅಭ್ಯಾಸ. ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕಾರ, ನಾನೂ ಬರ್ಲೇನ್ರಿ? ರೈಲ್ವೆ ಕ್ವಾರ್ಟರ್ಸ್‌ನಾಗ ಬೆಳದಾಕಿ, ಹಿಂದಿ ಛಲೋ ಬರ್ತೈತ್ರಿ" ಎಂದಳು.

"ಬನ್ನಿ, ಬೇಡ ಅನ್ನೋರು ಯಾರು" ಎಂದೆ.

ಅಷ್ಟು ಹೇಳಿ ನಾನು ಸ್ಟೌಗೆ ಪಂಪು ಹೊಡೆಯಲು ಹೋದೆ. ಬರುವವರು ಹೀಗೇ ಬರುತ್ತಾರೆ, ಮೂರು ವಾರ ನೋಡೋಣ ಎಂದುಕೊಂಡೆ. ಮೂರು ವಾರವಾಯಿತು, ಅವಳು ಹೋಗಲಿಲ್ಲ. ಅಷ್ಟೇ ಆಗಿದ್ದರೆ ಒಳ್ಳೆಯದೇ. ಬಿಟ್ಟುಹೋದವರು ಒಬ್ಬೊಬ್ಬರಾಗಿ ವಾಪಸು ಬರತೊಡಗಿದರು.

ಎಂಜಿನ್ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಒಬ್ಬರಿದ್ದರು. ನಾವು ಫೋರ್‌ಮನ್ ಸಾಹೇಬರು ಎನ್ನುತ್ತಿದ್ದೆವು. ತಡವಾಗಿ ಬಂದರೆಂದು ನಾನು ಒಮ್ಮೆ ನಾಲ್ಕು ಜನರೆದುರು ಝಾಡಿಸಿದ್ದಕ್ಕೆ ಮುನಿಸಿಕೊಂಡು ಹೋಗಿದ್ದರು. ನಾನೇ ಅವರ ಮನೆಗೆ ಮೂರು ಸಲ ಹೋಗಿ ಬಂದಿದ್ದೆ. "ನೋಡೋಣಮ್ಮಾ" ಎಂದು ಚಹಾ ಕುಡಿಸಿ ಕಳಿಸಿದ್ದರು. ಅಂಥವರು ಒಂದು ದಿನ ಸ್ಕ್ರೂಡ್ರೈವರ್ ಹಿಡಿದುಕೊಂಡು ಕೋಣೆಗೆ ಬಂದು, "ಆ ಹುಬ್ಬಳ್ಳಿ ಹುಡುಗಿ ಹೇಳ್ತು, ಬೆಂಚಿನ ಕಾಲು ಅಲ್ಲಾಡ್ತದಂತೆ" ಎಂದು ನೆಲದ ಮೇಲೆ ಕೂತೇಬಿಟ್ಟರು. ಆ ಬೆಂಚಿನ ಕಾಲು ಎರಡು ವರ್ಷದಿಂದ ಅಲ್ಲಾಡುತ್ತಿತ್ತು. ನಾನು ಅದರ ಕೆಳಗೆ ಇಟ್ಟಿಗೆ ಚೂರು ಕೊಟ್ಟಿದ್ದೆ.

ಇನ್ನೊಬ್ಬರು ಟೀಚರಮ್ಮ. ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಅವರ ಹಿಂದಿ ಕೇಳಿ ಆಸ್ಪತ್ರೆಯಲ್ಲಿ ನರ್ಸುಗಳು ನಕ್ಕರೆಂದು ಬರುವುದು ನಿಲ್ಲಿಸಿದ್ದರು. ಹುಬ್ಬಳ್ಳಿಯವಳು ಅವರಿಗೆ ಹಿಂದಿಯ ಗೋಜೇ ಬೇಡವೆಂದು, ಊರಿನಿಂದ ಯಾರೋ ಸಾಮಾನು ಸುತ್ತಿ ತಂದ ಹಳೇ ಕನ್ನಡ ಪತ್ರಿಕೆಗಳನ್ನು ರೋಗಿಗಳಿಗೆ ಓದಿಹೇಳಲು ಕೂರಿಸಿದಳು. ತಿಂಗಳ ಹಿಂದಿನ ಸುದ್ದಿಯನ್ನು ಟೀಚರಮ್ಮ ಪಾಠ ಮಾಡುವ ಧ್ವನಿಯಲ್ಲಿ ಓದುತ್ತಿದ್ದರು, ಮುದುಕರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ಇದೇನು ಮಹಾ ಉಪಾಯವೇ? ನನಗೂ ಹೊಳೆಯಬಹುದಿತ್ತು. ಹೊಳೆಯಲಿಲ್ಲ ಅಷ್ಟೆ.

ಒಂದು ಸಂಜೆ ನಾನು ಅಸ್ಸಿಯ ಕಡೆಯಿಂದ ಬರುತ್ತಿದ್ದೆ. ಚಹಾದಂಗಡಿಯ ಮುಂದೆ ನಮ್ಮವರೇ ನಾಲ್ಕೈದು ಜನ ಮಣ್ಣಿನ ಲೋಟ ಹಿಡಿದು ನಿಂತಿದ್ದರು. ನಡುವೆ ಅವಳು. ಫೋರ್‌ಮನ್ ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಮನುಷ್ಯ ನಗುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಹತ್ತಿರ ಹೋದೆ. ನಗು ನಿಂತಿತು. ಟೀಚರಮ್ಮ ಥಟ್ಟನೆ, "ನಾಳೆ ನನ್ನ ಸರದಿ ನೆನಪಿದೆ ಕಣ್ರೀ" ಎಂದರು, ನಾನು ಕೇಳದಿದ್ದರೂ. ಅಂಗಡಿಯವನು ನನಗೂ ಒಂದು ಚಹಾ ಕೊಟ್ಟ. ಕುಡಿದೆ. ಒಳಗೆ ಉರಿದದ್ದು ಚಹಾದಿಂದಲ್ಲ.

ಅಂದಿನಿಂದ ನನಗೆ ಅವಳು ಮಾಡಿದ್ದೆಲ್ಲ ಕಣ್ಣಿಗೆ ಚುಚ್ಚತೊಡಗಿತು. ಕೋಣೆಗೆ ಬಂದವರು ನನ್ನನ್ನು ನೋಡಿಯೂ, "ಅವಳು ಬಂದಿಲ್ವಾ?" ಎಂದು ಕೇಳುವರು. ನಾನೇನು ಅಲ್ಲಿ ನೀರಿನ ಕೊಡವೇ? ಉಳಿದವರನ್ನೆಲ್ಲ ಬಾ, ಹೋಗು, ಕೂತ್ಕೋ ಎಂದು ಗದರಿಸುತ್ತಿದ್ದವಳು ಅವಳೊಬ್ಬಳೊಂದಿಗೆ ಮಾತ್ರ ಬನ್ನಿ, ಹೋಗಿ, ದಯವಿಟ್ಟು ಎನ್ನುತ್ತಿದ್ದೆ. ಭಾನುವಾರದ ವಿಷಯವೂ ಹಾಗೇ. ಎಲ್ಲರೂ ನಮ್ಮ ಮನೆಯಲ್ಲಿ ಉಣ್ಣುವ ಹೊತ್ತಿನಲ್ಲೂ ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಒಬ್ಬರಿರಬೇಕಲ್ಲ. ಮೊದಲು ಅದು ಸರದಿಯ ಮೇಲೆ ತಿರುಗುತ್ತಿತ್ತು. ಅವಳು ಬಂದ ಮೇಲೆ ಸರದಿ ಅವಳ ಹತ್ತಿರ ಬಂದು ನಿಂತಿತು. ನಾನೇ ನಿಲ್ಲಿಸಿದೆ. ಅವಳು ಒಂದು ಮಾತೂ ಆಡದೆ ಪ್ರತಿ ಭಾನುವಾರ ಆಸ್ಪತ್ರೆಗೆ ಹೋದಳು. ಅದೂ ನನಗೆ ಹಿಡಿಸಲಿಲ್ಲ. ಒಂದು ಸಲವಾದರೂ ಗೊಣಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಜನ ಬೇಕು ಅಂತಿದ್ದೆ, ಬಂದರಲ್ಲ. ಇನ್ನೇನು ನಿನ್ನ ಸಂಕಟ?" ಎಂದು ಯಜಮಾನರು ಕೇಳಿದರು.

"ನಿಮಗೆ ಅರ್ಥ ಆಗಲ್ಲ, ಪೇಪರ್ ಓದಿ" ಎಂದೆ.

ಮಾಘದ ಚಳಿ ಇಳಿಯುವ ಹೊತ್ತಿಗೆ, ಶಿವರಾತ್ರಿಗೆ ಇನ್ನೆರಡು ವಾರವಿರುವಾಗ, ಅವಳು ಅವರನ್ನೆಲ್ಲ ದೋಣಿಯಲ್ಲಿ ಕರೆದುಕೊಂಡು ಹೋದಳು. ಊರಿಗೆ ಬಂದ ಯಾತ್ರಿಕರಿಗೆ ಘಾಟು ತೋರಿಸುವ ನಾವು ಯಾರೂ ಒಂದು ದಿನವಾದರೂ ಯಾತ್ರಿಕರಾಗಿ ಗಂಗೆಗೆ ಇಳಿದಿರಲಿಲ್ಲ. ಒಮ್ಮೆ ನಾವೂ ಹೋಗೋಣ ಎಂದು ಅವಳೇ ಹೊರಡಿಸಿದಳಂತೆ. ನನ್ನನ್ನೂ ಕರೆದಳು. ಕರೆದದ್ದು ಹಿಂದಿನ ದಿನ. ಕೊನೆಯಲ್ಲಿ ಕರೆದರೆ ಹೋಗುವುದಕ್ಕೆ ನಾನೇನು ಬಿಟ್ಟಿ ಬಿದ್ದಿದ್ದೇನೆಯೇ? "ನನಗೆ ನೆಗಡಿ, ನೀವೆಲ್ಲ ಹೋಗಿ ಬನ್ನಿ" ಎಂದೆ. ಮರುದಿನ ಬೆಳಿಗ್ಗೆ ಮಹಡಿಯ ಮೇಲೆ ನಿಂತು, ಕಾಣದ ಗಂಗೆಯ ಕಡೆ ನೋಡುತ್ತ, ಅವರು ಈಗ ಎಲ್ಲಿ ಹೋಗಿರಬಹುದು, ಏನು ಮಾತಾಡುತ್ತಿರಬಹುದು ಎಂದು ಯೋಚಿಸುತ್ತಿದ್ದೆ. ನೆಗಡಿ ಇರಲಿಲ್ಲ.

ಆ ಭಾನುವಾರ ನಾನು ಹಠಕ್ಕೆ ಬಿದ್ದವಳ ಹಾಗೆ ಅಡುಗೆ ಮಾಡಿದೆ. ದೋಣಿಯಲ್ಲಿ ಕರೆದುಕೊಂಡು ಹೋಗುವುದು ಯಾರಿಗೂ ಬರುತ್ತದೆ, ಇದು ಬರುತ್ತದೆಯೇ ನೋಡೋಣ ಎಂದು ಊರಿನಿಂದ ತಂದ ಕೊಬ್ಬರಿ ತುರಿದು, ಮಸಾಲೆ ಹುರಿದು, ಬದನೆಕಾಯಿಗಳ ಹೊಟ್ಟೆಯಲ್ಲಿ ಒತ್ತಿ ಒತ್ತಿ ತುಂಬಿದೆ. ದೊಡ್ಡ ಪಾತ್ರೆ ತುಂಬ ಎಣ್ಣೆಗಾಯಿ. ಎಣ್ಣೆ ಮೇಲೆ ತೇಲಿ ಕೆಂಪಗೆ ಹೊಳೆಯುತ್ತಿತ್ತು. ಎಲ್ಲರೂ ಬಂದರು, ಸಾಲಾಗಿ ಕೂತರು. ಅವಳು ಎಂದಿನಂತೆ ಆಸ್ಪತ್ರೆಯಲ್ಲಿದ್ದಳು. ನಾನು ಮೊದಲು ಫೋರ್‌ಮನ್ ಸಾಹೇಬರ ಎಲೆಗೆ ಸೌಟು ಬಗ್ಗಿಸಿದೆ. ಅವರು ಕೈ ಅಡ್ಡ ಹಿಡಿದರು.

"ಬೇಡಮ್ಮಾ. ಬಿಟ್ಟಿದೀನಿ."

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ತರಕಾರಿ, ಒಂದು ಹಣ್ಣನ್ನು ಗಂಗೆಯಲ್ಲಿ ಬಿಟ್ಟು ಹೋಗುವ ಪದ್ಧತಿಯಿದೆ. ಬಿಟ್ಟರೆ ಮುಗಿಯಿತು, ಸಾಯುವ ತನಕ ಅದನ್ನು ಬಾಯಿಗೆ ಹಾಕುವಂತಿಲ್ಲ. ಊರಿಗೆ ಹೋದವರನ್ನು ಜನ ಮೊದಲು ಕೇಳುವುದೇ, ಕಾಶಿಯಲ್ಲಿ ಏನು ಬಿಟ್ಟಿರಿ ಎಂದು. ನಾವು ವರ್ಗವಾಗಿ ಬಂದವರು ಮಾತ್ರ, ಹೋಗುವಾಗ ಬಿಟ್ಟರಾಯಿತೆಂದು ಮುಂದೂಡುತ್ತಿದ್ದೆವು. ಆ ದೋಣಿಯಲ್ಲಿ ಇವರೆಲ್ಲ ಬಿಟ್ಟು ಬಂದಿದ್ದರು. ನಾನು ಟೀಚರಮ್ಮನ ಎಲೆಯ ಕಡೆ ತಿರುಗಿದೆ. ಅವರು ತಲೆ ತಗ್ಗಿಸಿದರು. ಅವರ ಪಕ್ಕದವರೂ, ಅದರಾಚೆಯವರೂ.

"ಎಲ್ಲರೂ ಬದನೆಕಾಯೇನಾ?" ಎಂದು ಕೇಳಿದೆ.

"ನಿಮಗೋಸ್ಕರವೇ ಕಣ್ರೀ," ಟೀಚರಮ್ಮ ಸಮಾಧಾನದ ಧ್ವನಿಯಲ್ಲಿ ಹೇಳಿದರು. "ಒಬ್ಬರು ಹಾಗಲಕಾಯಿ, ಒಬ್ಬರು ಸೋರೆಕಾಯಿ ಅಂತ ಒಂದೊಂದು ಬಿಟ್ಟರೆ ಭಾನುವಾರ ನೀವು ಎಷ್ಟು ಥರ ಅಡುಗೆ ಮಾಡ್ತೀರ? ಅದಕ್ಕೇ ಎಲ್ಲರೂ ಒಂದೇ ಬಿಡೋಣ ಅಂತ ಮಾತಾಡಿಕೊಂಡ್ವಿ. ಬದನೆಕಾಯಿ ಹುಡುಕೋದಕ್ಕೆ ನೀವು ಎಷ್ಟು ಒದ್ದಾಡ್ತೀರ, ಪ್ರತಿ ವಾರ ಹೇಳ್ತಿದ್ರಲ್ಲ. ಇನ್ಮೇಲೆ ಆ ಕಷ್ಟ ಇಲ್ಲ."

ಸೌಟು ಹಿಡಿದ ಕೈ ಹಾಗೇ ನಿಂತಿತ್ತು. ನಗಲೋ, ಆ ಪಾತ್ರೆಯನ್ನು ಅವರ ತಲೆಯ ಮೇಲೆ ಕವುಚಲೋ ತಿಳಿಯಲಿಲ್ಲ. ಇಷ್ಟವಾದದ್ದನ್ನು ಬಿಡಬೇಕು, ನನಗೆ ಅನುಕೂಲವೂ ಆಗಬೇಕು; ಎರಡನ್ನೂ ಕೂಡಿಸಿ, ಇವರು ಜೀವನಪೂರ್ತಿ ನನ್ನ ಎಣ್ಣೆಗಾಯಿಯನ್ನು ಬಿಟ್ಟು ಬಂದಿದ್ದರು. ಎಲ್ಲರೂ ಸಾರು ಅನ್ನ ಉಂಡರು. ಚೆನ್ನಾಗಿದೆ ಎಂದರು. ನನಗೆ ಮಾತ್ರ ಒಂದೇ ಯೋಚನೆ, ಇದು ಅವಳದೇ ಕಿತಾಪತಿ. ಜನರನ್ನು ಕಿತ್ತುಕೊಂಡದ್ದು ಸಾಲದೆ ನನ್ನ ಎಲೆಯನ್ನೂ ಬರಿದು ಮಾಡಿದಳು. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ, "ಅವಳೇ ಹೇಳಿಕೊಟ್ಟಳಾ ಇದನ್ನ?"

"ಅಯ್ಯೋ ಇಲ್ಲ," ಎಂದರು ಫೋರ್‌ಮನ್ ಸಾಹೇಬರು. "ಆ ಹುಡುಗಿ ಬೇಡ ಬೇಡ ಅಂತ ಬಡಕೊಂಡ್ಳು. ನಾವೇ ಕೇಳಲಿಲ್ಲ. ಅವಳೊಬ್ಬಳು ಬದನೆಕಾಯಿ ಬಿಡಲಿಲ್ಲ, ಪೇರಲೆಹಣ್ಣು ಬಿಟ್ಟಳು."

ಅವರೆಲ್ಲ ಹೋದ ಮೇಲೆ ಆ ಪಾತ್ರೆಯ ಮುಂದೆ ಕೂತೆ. ಯಜಮಾನರಿಗೆ ಬದನೆಕಾಯಿ ತಿಂದರೆ ಮೈ ಕೆರೆತ. ಕೆಳಗಿನ ಮನೆಯವರಿಗೆ ಕೊಬ್ಬರಿ ಆಗದು. ಯಜಮಾನರು ಬಾಗಿಲಲ್ಲಿ ನಿಂತು ಪಾತ್ರೆಯನ್ನೂ ನನ್ನನ್ನೂ ನೋಡಿ, "ಊರಲ್ಲಿ ಇದನ್ನು ತಿನ್ನೋರು ಈಗ ಒಬ್ಬರೇ ಉಳಿದಿರೋದು, ಗೊತ್ತಾಯ್ತಾ?" ಎಂದರು. "ಅವಳಿಗೆ ಕೊಡೋ ಬದಲು ಚರಂಡಿಗೆ ಸುರೀತೀನಿ" ಎಂದೆ. ಸುರಿಯಲು ಎದ್ದೆ ಕೂಡ. ಬೆಳಗಿನಿಂದ ಮಾಡಿದ್ದು, ಕೈ ಬರಲಿಲ್ಲ. ಡಬ್ಬಿಗೆ ತುಂಬಿ, ರಿಕ್ಷಾದವನಿಗೆ ಆಸ್ಪತ್ರೆಗೆ ನಡಿ ಎಂದೆ. ಕೊಟ್ಟು, ನಾಲ್ಕು ಮಾತು ಕೇಳಿ ಬರಬೇಕೆಂದು ದಾರಿಯುದ್ದಕ್ಕೂ ಆ ನಾಲ್ಕು ಮಾತನ್ನು ಬಾಯಲ್ಲೇ ತಿರುವುತ್ತಿದ್ದೆ.

ಅವಳು ವಿಜಾಪುರದ ಕಡೆಯ ಒಬ್ಬ ಮುದುಕಿಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ಮುದುಕಿ ನಿದ್ದೆಯಲ್ಲಿದ್ದರು. ಅವಳ ಮಡಿಲಲ್ಲಿ ಪೇಪರಿನಲ್ಲಿ ಸುತ್ತಿದ ಎರಡು ಒಣ ರೊಟ್ಟಿ. ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು.

"ಏನಾತ್ರಿ ಅಕ್ಕಾರ? ಊಟದ ಹೊತ್ನ್ಯಾಗ ಬಂದೀರಿ?"

"ಎಣ್ಣೆಗಾಯಿ ಉಳೀತು. ತಿನ್ನೋರು ಯಾರೂ ಇಲ್ಲವಲ್ಲ, ತಗೊಳ್ಳಿ" ಎಂದು ಡಬ್ಬಿ ಚಾಚಿದೆ. "ನೀವ್ಯಾಕೆ ಬಿಡಲಿಲ್ಲ?"

ಅವಳು ಡಬ್ಬಿಯ ಮುಚ್ಚಳ ತೆಗೆದು ನೋಡಿದಳು.

"ಹ್ಯಾಂಗ ಬಿಡ್ಲಿರಿ? ಇಷ್ಟದ್ದು ಬಿಡಬೇಕಲ್ರಿ. ನಿಮ್ಮ ಮನಿ ಎಣ್ಣೆಗಾಯಿ ನಾ ಒಮ್ಮೆನೂ ತಿಂದಿಲ್ಲ. ತಿನ್ನದೇ ಹ್ಯಾಂಗ ಬಿಡೂದು?"

ರೊಟ್ಟಿ ಮುರಿದು ಅದ್ದಿಕೊಂಡು ಅವಳು ತಿನ್ನತೊಡಗಿದಳು. ತಿನ್ನುತ್ತಲೇ, ಸಂಕೋಚವಿಲ್ಲದೆ, ನಾನು ಕೇಳದೇ ಹೇಳಿದಳು. "ನನಗ ಅವರನ್ನ ನೋಡಿದ್ರ ಭಾಳ ಹೊಟ್ಟೆಕಿಚ್ಚು ಆಗತಿತ್ರಿ. ಎಲ್ಲಾರೂ ನಿಮ್ಮ ಮನ್ಯಾಗ ಕೂತು ಉಣ್ತಾರ, ನೀವು ಅವರನ್ನ ಹಕ್ಕಿಂದ ಬೈತೀರಿ. ನನಗ ಮಾತ್ರ ಬರ್ರಿ, ಹೋಗ್ರಿ. ಅದಕ್ಕ ಸೋಮವಾರ ಅವರವರ ಮನಿಗೆ ಹೋಗಿ, ನಿನ್ನೆ ಏನು ಊಟ, ಯಾರ‍್ಯಾರು ಬಂದಿದ್ರು, ಅಕ್ಕಾರು ಯಾರಿಗೆ ಬೈದ್ರು ಅಂತ ಕೇಳ್ತಿದ್ದೆ. ಬಾರದೇ ಇದ್ದವರ ಮನಿಗೂ ಹೋಗಿ ಕೇಳ್ತಿದ್ದೆ. ನಾ ಹೋಗಿಲ್ಲವ್ವಾ ಅಂತ ಅವರಿಗೇ ನಾಚಿಕಿ ಆಗತಿತ್ತು. ಮುಂದಿನ ವಾರ ಹೋಗಿ ಬಂದು ನನಗ ಹೇಳ್ತಿದ್ರು. ಟೀಚರಮ್ಮ ಅಂತೂ ನೀವು ಬೈದದ್ದು ಹಂಗಽ ಮಾಡಿ ತೋರಸ್ತಾರ‍್ರಿ."

ಅಸ್ಸಿಯಲ್ಲಿ ಫೋರ್‌ಮನ್ ಸಾಹೇಬರು ಕಣ್ಣೊರೆಸಿಕೊಂಡು ನಕ್ಕದ್ದು ಯಾವುದಕ್ಕೆಂದು ಈಗ ಗೊತ್ತಾಯಿತು. ಟೀಚರಮ್ಮನ ಮೇಲೆ ಸಿಟ್ಟು ಬಂತು, ಆದರೆ ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ. ನಾನು ಉಣ್ಣಲು ಕರೆಯದ ಒಬ್ಬಳು, ಆ ಊಟದ ಸುದ್ದಿಗೆ ಹಸಿದು ಮನೆಮನೆಗೆ ಹೋಗಿ, ನನ್ನ ಜನರನ್ನು ನನ್ನ ಮನೆಗೇ ತಿರುಗಿ ಕಳಿಸುತ್ತಿದ್ದಳು. ದಾರಿಯಲ್ಲಿ ಕಟ್ಟಿಕೊಂಡು ಬಂದ ನಾಲ್ಕು ಮಾತಿನಲ್ಲಿ ಒಂದೂ ಈಗ ಕೆಲಸಕ್ಕೆ ಬರುವಂತಿರಲಿಲ್ಲ.

ಅವಳು ಡಬ್ಬಿಯನ್ನು ಬೆರಳಿನಿಂದ ಒರೆಸಿ ತಿಂದು, "ಛಲೋ ಆಗೇತ್ರಿ. ಒಂಚೂರು ಗುರೆಳ್ಳು ಪುಡಿ ಬಿದ್ದಿದ್ರ ಇನ್ನೂ ಛಲೋ ಆಗತಿತ್ತು" ಎಂದಳು.

ನೋಡಿ, ಇದಕ್ಕೇ ಮೈ ಉರಿಯುವುದು. ಸುಮ್ಮನೆ ಹೊಗಳಿ ಬಿಡಬಾರದೇ. "ನಮ್ಮ ಮನೇಲಿ ಹುಚ್ಚೆಳ್ಳು ಹಾಕಲ್ಲ" ಎಂದು ಡಬ್ಬಿ ಕಿತ್ತುಕೊಂಡೆ. ಬಾಗಿಲವರೆಗೆ ಹೋದವಳು ತಿರುಗಿ ಬಂದೆ. "ಮುಂದಿನ ಭಾನುವಾರ ಊಟಕ್ಕೆ ನೀವು ಮನೆಗೆ ಹೋಗಿ. ಇಲ್ಲಿ ನಾನು ಕೂರ್ತೀನಿ."

"ನಿಮ್ಮ ಮನ್ಯಾಗ ನೀವಽ ಇರಂಗಿಲ್ಲೇನ್ರಿ? ಶಿವರಾತ್ರಿ ಸರದಿ ಹಂಚೂದು ಐತಲ್ರಿ."

"ನೀವೇ ಹಂಚಿ" ಎಂದೆ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ವರ್ಷವೆಲ್ಲ ಕಾದದ್ದು ಆ ಒಂದು ಭಾನುವಾರಕ್ಕೆ. ಅಂದು ಯಾರು ಬರುತ್ತೇನೆ, ಯಾರು ಬರುವುದಿಲ್ಲ ಎನ್ನುತ್ತಾರೋ ಅದರ ಮೇಲೆ ಕೋಣೆ ಉಳಿಯುವುದು ನಿಂತಿತ್ತು. ಹೇಳಿದ ಮಾತು ಹಿಂದಕ್ಕೆ ತೆಗೆದುಕೊಳ್ಳಲು ನನ್ನ ಹಮ್ಮು ಬಿಡಲಿಲ್ಲ.

ಆ ಭಾನುವಾರ ಬೆಳಿಗ್ಗೆ ಹುಳಿ, ಪಲ್ಯ ಮಾಡಿಟ್ಟು, ಬೀಗದ ಕೈಯನ್ನು ಅವಳಿಗೆ ಕೊಟ್ಟು ಆಸ್ಪತ್ರೆಗೆ ಹೋಗಿ ಆ ಸ್ಟೂಲಿನ ಮೇಲೆ ಕೂತೆ. ವಿಜಾಪುರದ ಮುದುಕಿ ಎಚ್ಚರವಾಗಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಆಕಿ ಬರ್ಲಿಲ್ಲೇನು?" ಎಂದು ಕೇಳಿದರು. ಇಲ್ಲೂ ಅದೇ. ಇವತ್ತು ಬರುವುದಿಲ್ಲ ಎಂದೆ. ಮುದುಕಿ ಗೋಡೆಯ ಕಡೆ ಮಗ್ಗುಲಾದರು. ಮಧ್ಯಾಹ್ನ ಮುಗಿಯಲೊಲ್ಲದು. ಎಲೆ ಹಾಕಿರಬಹುದು. ಹುಳಿಗೆ ಉಪ್ಪು ಸರಿಯಿದೆಯೋ ಇಲ್ಲವೋ. ಫೋರ್‌ಮನ್ ಸಾಹೇಬರಿಗೆ ಮಜ್ಜಿಗೆ ಕಡೆಯಲ್ಲಲ್ಲ, ಮೊದಲೇ ಕೊಡಬೇಕು, ಅದು ಅವಳಿಗೆ ಗೊತ್ತಿದೆಯೋ. ಎಲ್ಲರೂ ನಗುತ್ತಿರಬಹುದು. ನನ್ನ ಮನೆಯಲ್ಲಿ, ನನ್ನ ಚಾಪೆಯ ಮೇಲೆ ಕೂತು ನಗುತ್ತಿರಬಹುದು. ಅವಳು ಇಷ್ಟು ಭಾನುವಾರ ಈ ಸ್ಟೂಲಿನ ಮೇಲೆ ಕೂತು ನುಂಗಿದ್ದೆಲ್ಲವನ್ನೂ ನಾನು ಒಂದೇ ಮಧ್ಯಾಹ್ನದಲ್ಲಿ ನುಂಗಿದೆ.

ಸಂಜೆ ಅವಳು ಬಂದಳು. ಅವಳು ಕೂರುವ ಮೊದಲೇ ನಾನು ಕೇಳಿದೆ, "ಯಾರ‍್ಯಾರು ಬಂದಿದ್ರು? ಏನಂದ್ರು?"

ಎಲ್ಲರೂ ಬಂದಿದ್ದರು. ಶಿವರಾತ್ರಿಗೆ ಎಲ್ಲರೂ ಒಪ್ಪಿದ್ದರು. ಟೀಚರಮ್ಮ ಕೋಣೆಗೆ, ಫೋರ್‌ಮನ್ ಸಾಹೇಬರು ಎರಡು ಹೊತ್ತೂ ಸ್ಟೇಷನ್ನಿಗೆ, ಉಳಿದವರು ಆಸ್ಪತ್ರೆಗೆ, ಘಾಟಿಗೆ. ಟೀಚರಮ್ಮನ ತಂಗಿಯೂ, ಫೋರ್‌ಮನ್ ಸಾಹೇಬರ ಹೆಂಡತಿಯೂ ಬರುತ್ತೇವೆಂದಿದ್ದರು. ಅವಳು ಬೆರಳು ಮಡಿಸುತ್ತ ಹೇಳುತ್ತಲೇ ಹೋದಳು. ನಾನು ಕಾದೆ. ಅವಳ ಬೆರಳು ಮುಗಿದವು.

"ನನಗೆ?"

"ನಿಮಗೇನೂ ಇಲ್ರಿ ಅಕ್ಕಾರ" ಎಂದಳು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ. "ಎಲ್ಲಾರೂ ಕೂಡಿ ಮಾತಾಡಿದ್ವಿ. ಇಷ್ಟು ವರ್ಷ ನೀವೊಬ್ರೇ ಒದ್ದಾಡೀರಿ. ಈ ಸಲ ನೀವು ಆರಾಮ ಮನ್ಯಾಗ ಪೂಜಿ ಮಾಡ್ಕೊಂಡು ಕೂಡ್ರಬೇಕಂತ."

ಬದನೆಕಾಯಿ ಬಿಟ್ಟ ಜನವೇ ಇವರು. ಒಬ್ಬರಿಗೆ ಒಳ್ಳೆಯದು ಮಾಡಹೊರಟರೆ ಆ ಒಬ್ಬರ ಕೈಯಲ್ಲಿದ್ದುದನ್ನೇ ತೆಗೆದುಬಿಡುತ್ತಾರೆ. ನಾಲ್ಕು ಮಂಚಗಳಾಚೆ ಇದ್ದ ನರ್ಸು ತಿರುಗಿ ನೋಡುವಷ್ಟು ಜೋರಾಗಿ ನನ್ನ ಬಾಯಿಂದ ಬಂತು.

"ಯಾರು ಕೇಳಿದ್ರು ನಿಮ್ಮ ದಯೇನಾ? ತಲೆ ನೆಟ್ಟಗಿದೆಯೇನೇ ನಿನಗೆ? ಕೋಣೆ ಶುರು ಮಾಡಿದೋಳು ನಾನು. ನನ್ನನ್ನ ಮನೇಲಿ ಕೂರಿಸಿ ನೀವೆಲ್ಲ ಸ್ಟೇಷನ್ನಲ್ಲಿ ಚಹಾ ಕುಡೀತಾ ನಿಂತ್ಕೊತೀರಾ? ನನಗೂ ಒಂದು ಕೆಲಸ ಕೊಡು. ಏನಾದ್ರೂ ಕೊಡು."

ಅವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ನಗುತ್ತಿದ್ದಾಳೆ ಎಂದುಕೊಂಡೆ. ಕಣ್ಣು ತುಂಬಿಕೊಂಡಿತ್ತು. ಆಮೇಲೆ ಮೂಗು ಒರೆಸಿಕೊಂಡು, "ಫೋರ್‌ಮನ್ ಸಾಹೇಬರ ಬೆಳಗಿನ ಸರದಿ ನಿಮಗ. ಸ್ಟೇಷನ್ನು, ನನ್ನ ಜೋಡಿ. ಹೊತ್ತಿಗೆ ಸರಿಯಾಗಿ ಬರಬೇಕ್ರಿ ಮತ್ತ. ತಡ ಮಾಡಿದ್ರ ನಾನೂ ಬೈತೀನಿ" ಎಂದಳು.

"ಹೂಂ" ಎಂದೆ.

ಕೋಣೆ ಉಳಿಯಿತು. ಹಬ್ಬ ಮುಗಿದ ಮೇಲೆ ಸ್ವಾಮಿಗಳು ಅವಳನ್ನು ಕರೆದು, "ನೀನು ಬಂದ ಮೇಲೆ ಜನ ನಿಂತರು ನೋಡವ್ವಾ" ಎಂದು ನನ್ನೆದುರಿಗೇ ಹೇಳಿದರು. ಹೌದು ಬುದ್ಧಿ ಎಂದು ನಾನೂ ತಲೆಯಾಡಿಸಿದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾದೀತು, ಚೆನ್ನಾಗಿಯೇ ಉರಿಯಿತು. ಆದರೆ ಅದೆಲ್ಲ ಆಮೇಲಿನದು. ಶಿವರಾತ್ರಿಯ ಬೆಳಿಗ್ಗೆ ನಾನು ಗಾಡಿ ಬರುವುದಕ್ಕೆ ಬಹಳ ಮೊದಲೇ ಸ್ಟೇಷನ್ನಿನಲ್ಲಿದ್ದೆ. ನಮ್ಮವರು ಇನ್ನೂ ಯಾರೂ ಬಂದಿರಲಿಲ್ಲ. ಒಳಗೆ ಬೆಂಚು ಖಾಲಿ ಇತ್ತು, ಕೂರಬಹುದಿತ್ತು. ನಾನು ಆಗಲೇ ಬಂದಿರುವುದು ಅವಳು ಬಂದ ಕೂಡಲೇ ಅವಳ ಕಣ್ಣಿಗೆ ಬೀಳಲಿ ಎಂದು ಎಲ್ಲರೂ ಹಾದುಹೋಗುವ ಬಾಗಿಲಲ್ಲೇ ನಿಂತೆ.